ನೀಲಿ ಬಳಿದ ಮುಚ್ಚಳ

ನನ್ನ ಗಂಡ ಸಕೆಲ್ಲಾರಿಗೆ ಬಣ್ಣ ಮಿಕ್ಕರೆ ಕೈ ತುರಿಸುತ್ತದೆ. ಆಗಸ್ಟಿನ ಮೇರಿ ಮಾತೆಯ ಹಬ್ಬಕ್ಕೆ ನಮ್ಮ ದ್ವೀಪದಲ್ಲಿ ಸುಣ್ಣ ಕಾಣದ ಗೋಡೆ, ನೀಲಿ ಕಾಣದ ಬಾಗಿಲು ಇರುವುದಿಲ್ಲ. ಈ ಸಲ ದೋಣಿಗೆ ಬಳಿದು ಮಿಕ್ಕ ನೀಲಿಯನ್ನು ಈ ಪುಣ್ಯಾತ್ಮ ಕಲ್ಲಿಗೆ ಒಯ್ದ.

ಕಲ್ಲು ಎಂದರೆ ನಮಗೂ ತುರ್ಕಿಗೂ ನಡುವಿನ ಬೋಳು ನಡುಗಡ್ಡೆ. ನಮ್ಮ ಆಡುಗಳೆಲ್ಲ ಅಲ್ಲೇ ಮುಳ್ಳು ಮೇಯ್ದುಕೊಂಡಿರುತ್ತವೆ. ಮಳೆನೀರಿನ ತೊಟ್ಟಿಯೊಂದಿದೆ, ಮರಿಗಳು ಬೀಳದಿರಲೆಂದು ಅದಕ್ಕೆ ಕಬ್ಬಿಣದ ಮುಚ್ಚಳ. ಎರಡು ಮೂರು ದಿನಕ್ಕೊಮ್ಮೆ ಇವನು ಹೋಗಿ ಮುಚ್ಚಳ ತೆಗೆದು, ನೀರು ಸೇದಿ, ಆಡುಗಳು ಕುಡಿಯುವ ಬಾನಿಗೆ ಸುರಿದು ಬರಬೇಕು. ಇಲ್ಲದಿದ್ದರೆ ಬೇಸಿಗೆಯಲ್ಲಿ ಅವುಗಳಿಗೆ ಒಂದು ಹನಿಯೂ ಸಿಗದು.

ಇವನು ತೊಟ್ಟಿಗೆ ಸುಣ್ಣ ಬಳಿದ, ಮುಚ್ಚಳಕ್ಕೆ ನೀಲಿ ಬಳಿದ. ಮನೆಗೆ ಬಂದು, ‘ಆಡುಗಳಿಗೂ ಹಬ್ಬ ಬೇಡ್ವೇನೇ?’ ಎಂದು ಹಲ್ಲು ಕಿರಿದ.

ಆ ಕಡೆಯವರ ವಿಮಾನ ಅದರ ಚಿತ್ರ ತೆಗೆದುಕೊಂಡು ಹೋಯಿತು. ನಮ್ಮ ಗ್ರೀಸಿನ ಬಾವುಟದ ಬಣ್ಣವೂ ಅದೇ, ಬಿಳಿ ನೀಲಿ. ಅವರ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರ: ನಮ್ಮ ನೆಲದ ಮೇಲೆ ಗ್ರೀಕರ ಬಾವುಟ! ನಮ್ಮ ಟಿವಿಯವರು ಬಾಯಿ ಮುಚ್ಚಿಕೊಂಡಿರುತ್ತಾರೆಯೇ? ‘ಹೌದು, ನಮ್ಮದೇ ಬಾವುಟ, ಏನೀಗ?’ ಎಂದರು. ಅವರ ಯುದ್ಧನೌಕೆ ಬಂತು, ನಮ್ಮದೂ ಬಂತು. ಸುತ್ತ ಫಿರಂಗಿಗಳು, ನಡುವೆ ನಮ್ಮ ಆಡುಗಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವುದು ಇದಕ್ಕೇ.

‘ಬಳಿಯೋ ಮುಂಚೆ ಪ್ರಧಾನಿನ ಒಂದ್ಮಾತು ಕೇಳ್ಬಾರ್ದಿತ್ತಾ?’ ಎಂದೆ.

‘ಹೊಟ್ಟೆ ಉರಿಸ್ಬೇಡ ಕಣೇ ಥೆಮೆಲಿನಾ.’

ಇಬ್ಬರೂ ಬಂದರಿಗೆ ಹೋದೆವು. ಅಲ್ಲಿನ ಅಧಿಕಾರಿ ಆರ್ಗಿರಿ ನಮ್ಮ ಆಡಿನ ಹಾಲು ಕುಡಿದೇ ಬೆಳೆದವನು.

‘ಒಂದು ಗಳಿಗೆ ಬಿಡಪ್ಪ,’ ಎಂದ ಇವನು. ‘ನೀರು ಕುಡಿಸಿ ಬಂದ್ಬಿಡ್ತೀನಿ.’

‘ನಿಮ್ಮ ದೋಣಿ ಅಲ್ಲಾಡಿದ್ರೆ ಅವರ ಫಿರಂಗಿ ಅಲ್ಲಾಡುತ್ತೆ, ಮಾವ.’

‘ಹಾಗಾದ್ರೆ ಅವರೇ ಕುಡಿಸ್ಲಿ! ಆಡಿಗೆ ಯಾವ ದೇಶದ ಕೈ ಆದ್ರೇನು?’

‘ಅವರು ಕಾಲಿಟ್ರೆ ನಾವು ಹೊಡೀಬೇಕು.’

‘ಥೂ, ನಿಮ್ಮ ಬಾಯಿಗಿಷ್ಟು ಮಣ್ಣು ಹಾಕ!’ ಎಂದೆ ನಾನು.

ದಿನಾ ಇವನು ದುರ್ಬೀನು ಹಿಡಿದು ಗುಡ್ಡದ ಮೇಲೆ ಕೂತ. ಆಡುಗಳು ಮುಚ್ಚಳವನ್ನು ಗೊರಸಿನಿಂದ ಕೆರೆಯುತ್ತಿದ್ದವು. ಕೆಳಗೆ ನೀರಿದೆ ಎಂದು ಅವಕ್ಕೆ ಗೊತ್ತು. ಪೂರ್ವದ ಗಾಳಿ ಬೀಸಿದರೆ ಕೂಗು ಮನೆಯವರೆಗೂ ಬರುತ್ತಿತ್ತು. ಒಂದು ಮರಿ ಬಿದ್ದದ್ದು ಏಳಲೇ ಇಲ್ಲ ಎಂದ. ಆಮೇಲೆ ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಕೊನೆಗೊಂದು ಮಧ್ಯಾಹ್ನ ಇಗರ್ಜಿಯ ಗಂಟೆಗಳೆಲ್ಲ ಮೊಳಗಿದವು. ಯುದ್ಧ ತಪ್ಪಿತಂತೆ, ಒಪ್ಪಂದವಾಯಿತಂತೆ! ಬಂದರಿನಲ್ಲಿ ಜನ ತಬ್ಬಿಕೊಂಡು ಅಳುತ್ತಿದ್ದರು. ಇವನು ಬಕೆಟ್ಟು ಹಿಡಿದು ದೋಣಿಗೆ ಓಡಿದ. ಆರ್ಗಿರಿ ಅಡ್ಡ ನಿಂತ.

‘ಇನ್ನು ಅಲ್ಲಿ ನೌಕೆ ಇಲ್ಲ, ಬಾವುಟ ಇಲ್ಲ, ಯಾರೂ ಕಾಲಿಡೋ ಹಾಗಿಲ್ಲ. ಹಾಗಂತ್ಲೇ ರಾಜಿ ಆಗಿರೋದು, ಮಾವ.’

‘ಯಾರೂ ಅಂದ್ರೆ ಸಿಪಾಯಿಗಳು ಕಣೋ. ನಾನು ಆಡು ಕಾಯೋನು.’

‘ಯಾರೂ ಅಂದ್ರೆ ಯಾರೂ. ನೀವು ಹೋದ್ರೆ ಎಲ್ಲಾ ಮತ್ತೆ ಶುರು ಆಗುತ್ತೆ.’

ಹೊರಟು ನಿಂತಿದ್ದ ನಮ್ಮ ಯುದ್ಧನೌಕೆಯ ಕಡೆ ಇವನು ನೋಡಿದ.

‘ಹಾಗಾದ್ರೆ ಹೋಗೋ ಮುಂಚೆ ಹೊಡೆದ್ಬಿಡಿ,’ ಎಂದ. ‘ಅಷ್ಟು ದೊಡ್ಡ ಫಿರಂಗಿ ತಂದಿದ್ದೀರಲ್ಲ, ಒಂದೇ ಏಟಿಗೆ ಮುಗಿಸಿ. ಬಾಯಾರಿ ಬಾಯಾರಿ ಸಾಯೋದು ಬೇಡ ಅವು.’

ಆರ್ಗಿರಿಯ ಕಣ್ಣು ತುಂಬಿತು. ‘ಒಂದು ಗುಂಡೂ ಹಾರಬಾರದು ಅನ್ನೋದೇ ಒಪ್ಪಂದದ ಮೊದಲ ಮಾತು, ಮಾವ.’

ಜನ ನಮ್ಮನ್ನೂ ಕುಣಿತಕ್ಕೆ ಕರೆದರು. ನಾನು ಇವನ ಕೈ ಹಿಡಿದು ಮನೆಗೆ ಕರೆತಂದು, ಪೂರ್ವದ ಕಿಟಕಿಗಳನ್ನೆಲ್ಲ ಮುಚ್ಚಿದೆ.