ನಂಬರ್ ಬಿದ್ದ ಪಿಸ್ತೂಲು

ತಕ್ಕಡಿ ಕಾರ್ಖಾನೆಯ ಉಗ್ರಾಣವನ್ನು ಮೂವತ್ತೊಂದು ವರ್ಷ ನೋಡಿಕೊಂಡ ಹಿರಿಯರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಹಾಜರಿ ಪುಸ್ತಕದಲ್ಲಲ್ಲದೆ ಬೇರೆಲ್ಲೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ನಂಬರಯ್ಯ. ಉಗ್ರಾಣದೊಳಗೆ ಒಂದು ರಾತ್ರಿ ಕಳೆದ ಯಾವ ಲೋಹದ ವಸ್ತುವೂ ಮರುದಿನ ನಂಬರಿಲ್ಲದೆ ಇರಕೂಡದೆಂಬುದು ಅವರ ವ್ರತ. ಸ್ಪ್ಯಾನರಾಗಲಿ, ಅರವಾಗಲಿ, ಇಕ್ಕಳವಾಗಲಿ, ಮೊದಲು ಕಾರ್ಖಾನೆಯ ಗುರುತಾದ ಪುಟ್ಟ ತಕ್ಕಡಿಯ ಮುದ್ರೆ, ಆಮೇಲೆ ಉಕ್ಕಿನ ಪಂಚುಗಳನ್ನಿಟ್ಟು ಅಂಕಿಗೊಂದು ಸುತ್ತಿಗೆಯ ಏಟು, ಆಮೇಲೆ ತೆಳ್ಳಗೆ ಎಣ್ಣೆ, ಕೊನೆಗೆ ದಪ್ಪ ಪುಸ್ತಕದಲ್ಲಿ ದಾಖಲೆ. ಒಮ್ಮೆ ಯಾರೋ ಮರೆತುಹೋದ ಊಟದ ಡಬ್ಬಿಯೂ ಮರುದಿನ 1164 ಆಗಿ ಹೊರಬಂದಿತ್ತು.

ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ಅವರಿಗೆ ಉಳಿದಿದ್ದ ಆಸೆ ಒಂದೇ: ಏಳು ವರ್ಷಗಳಿಂದ ತಮ್ಮ ಕೈಕೆಳಗೆ ಪಳಗಿದ ಸೊಸೆಗೆ ಉಗ್ರಾಣದ ಬೀಗದ ಕೈ ಗೊಂಚಲನ್ನು ಒಪ್ಪಿಸಿ ಹೊರಡುವುದು. ಇದಕ್ಕೆ ಅಡ್ಡವಾಗಿದ್ದವರು ಮ್ಯಾನೇಜರು. ಕಾರ್ಖಾನೆಯ ಒಡತಿಗೆ ಅವರು ಒಬ್ಬನೇ ತಮ್ಮ. ಉಗ್ರಾಣದ ಕುರ್ಚಿಯ ಮೇಲೆ ತಮ್ಮ ಗೆಳೆಯನೊಬ್ಬನನ್ನು ಕೂರಿಸುವ ಯೋಚನೆ ಅವರದು. ನಂಬರಯ್ಯನವರ ಒಂದು ತಪ್ಪು ಸಿಕ್ಕರೆ ಸಾಕೆಂದು ಕಾದಿದ್ದರು. ಮೂವತ್ತೊಂದು ವರ್ಷದಲ್ಲಿ ಅದೊಂದು ಮಾತ್ರ ಆ ಉಗ್ರಾಣದಲ್ಲಿ ಸಿಕ್ಕಿರಲಿಲ್ಲ.

ಈ ಮ್ಯಾನೇಜರು ಹಿಂದಿನ ವರ್ಷ ಒಂದು ಪಿಸ್ತೂಲು ಕೊಂಡಿದ್ದರು. ತಕ್ಕಡಿ ಮಾಡುವವರ ಮೇಲೆ ಯಾರಿಗೆ ಅಂಥ ಹಗೆಯೆಂದು ಕೇಳಿದರೆ, ಹೇಳಬಾರದ ಸಂಗತಿಯೊಂದು ಇದೆಯೆಂಬಂತೆ ಮುಗುಳ್ನಗುತ್ತಿದ್ದರು. ಅದನ್ನು ಸೊಂಟಕ್ಕೆ ಸಿಕ್ಕಿಸಿ, ಅಂಗಿಯ ಅಂಚು ಆಕಸ್ಮಿಕವಾಗಿ ಸರಿದಂತೆ ಸರಿಸಿಕೊಂಡು, ಯಂತ್ರಗಳ ನಡುವೆ ಎದೆ ಉಬ್ಬಿಸಿ ಓಡಾಡುವುದೇ ಅವರ ಸುಖ. ಒಂದು ದಿನ, ಔಷಧಿ ತೂಗುವ ನಾಜೂಕಿನ ತಕ್ಕಡಿಯೊಂದನ್ನು ಬಾಗಿ ಪರೀಕ್ಷಿಸುವಾಗ ಪಿಸ್ತೂಲು ಜಾರಿ ತಟ್ಟೆಯ ಮೇಲೆಯೇ ಬಿದ್ದಿತು. ತಕ್ಕಡಿಯ ಮುಳ್ಳು ಸೊಟ್ಟಗಾಯಿತು. ಮುಳ್ಳು ತಿದ್ದುವ ಮೇಸ್ತ್ರಿ ಮೇಜಿನಡಿ ಸೇರಿದವನು ಅರ್ಧ ಗಂಟೆ ಕರೆದರೂ ಹೊರಗೆ ಬರಲಿಲ್ಲ.

ಒಡತಿ ನಂಬರಯ್ಯನವರನ್ನು ಕರೆಸಿದರು.

"ನೀವೇ ಒಂದು ನಿಯಮ ಬರೀರಿ. ನಾನು ಹೇಳಿದ್ರೆ ಅಕ್ಕ ಗೊಣಗಿದ ಹಾಗಾಗುತ್ತೆ. ಕಾಗದ ಹೇಳಿದ್ರೆ ಕೇಳ್ತಾನೇನೋ."

ನಂಬರಯ್ಯನವರು ಮೂರು ದಿನ ಬರೆದರು, ಏಳು ಕಲಮುಗಳಾದವು. ಗೇಟಿಗೆ ಅಂಟಿಕೊಂಡ ಉಗ್ರಾಣವನ್ನು ದಾಟಿ ಯಾರೂ ಬಂದೂಕು, ಪಿಸ್ತೂಲು ಒಯ್ಯಕೂಡದು; ಪರವಾನಗಿಯುಳ್ಳವರು ಬೆಳಗ್ಗೆ ಒಪ್ಪಿಸಿ ಸಂಜೆ ಪಡೆಯತಕ್ಕದ್ದು; ಗುಂಡುಗಳನ್ನು ಬೇರೆ ಪೆಟ್ಟಿಗೆಯಲ್ಲಿ ಇಡತಕ್ಕದ್ದು; ಪರವಾನಗಿಯ ನಕಲು ಕಡತದಲ್ಲಿರತಕ್ಕದ್ದು. ಐದನೆಯದಂತೂ ಅವರ ಮನಸ್ಸಿಗೆ ಒಪ್ಪಿದ ಕೃತಿ. ಅದನ್ನು ಸೊಸೆಗೆ ಎರಡು ಸಲ ಓದಿ ಹೇಳಿದರು: "ಹೀಗೆ ಒಪ್ಪಿಸಲಾದ ಆಯುಧವನ್ನು ಉಗ್ರಾಣದ ಇತರ ಸಮಸ್ತ ವಸ್ತುಗಳಂತೆಯೇ, ಅದೇ ಎಚ್ಚರದಿಂದಲೂ ಅದೇ ಕ್ರಮದಿಂದಲೂ, ಯಾವ ಭೇದವೂ ಇಲ್ಲದೆ ಕಾಣತಕ್ಕದ್ದು."

"ಚೆನ್ನಾಗಿದೆ ಮಾವ," ಎಂದಳು ಸೊಸೆ.

"ಇಲ್ಲಿ ಸಾರ್ ಅನ್ನು."

"ಚೆನ್ನಾಗಿದೆ ಸಾರ್. ಮಧ್ಯದಲ್ಲಿ ಎಲ್ಲಾದ್ರೂ ನೀರು ಕುಡಿಯೋಕೆ ಜಾಗ ಬಿಟ್ಟಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

ಮ್ಯಾನೇಜರು ಮುಖ ಹುಳ್ಳಗೆ ಮಾಡಿಕೊಂಡು ಸಹಿ ಹಾಕಿದರು. ಅಂದಿನಿಂದ ಪ್ರತಿ ಬೆಳಗ್ಗೆ ಪಿಸ್ತೂಲು ಉಗ್ರಾಣದ ಕಿಟಕಿಯಲ್ಲಿ ಒಳಗೆ ಬರುತ್ತಿತ್ತು, ಸಂಜೆ ಹೊರಗೆ ಹೋಗುತ್ತಿತ್ತು.

"ಹುಷಾರು ನಂಬರಯ್ಯ. ಸುತ್ತಿಗೆ ಗಿತ್ತಿಗೆ ಪಕ್ಕ ಇಟ್ಟೀರ. ಗೆರೆ ಬಿದ್ದೀತು."

"ಸುತ್ತಿಗೆಗಳಿಗೆ ಹೇಳ್ತೀನಿ ಬಿಡಿ ಸಾರ್," ಎನ್ನುವಳು ಸೊಸೆ ಒಳಗಿನಿಂದ. "ಸ್ವಲ್ಪ ಸರಿದು ಕೂತ್ಕೊಳ್ತವೆ."

ಎರಡು ವಾರ ಹೀಗೆ ನಡೆಯಿತು. ಒಂದು ಮಧ್ಯಾಹ್ನ ಮ್ಯಾನೇಜರು ಬೇರೆ ಊರಿನಲ್ಲಿ ನಡೆಯುವ ತಕ್ಕಡಿಗಳ ಪ್ರದರ್ಶನಕ್ಕೆಂದು ಯಾರದೋ ಕಾರು ಹತ್ತಿ ಅವಸರದಲ್ಲಿ ಹೊರಟರು. ಅವರ ಪ್ರಾಣಕ್ಕಿದ್ದ ಅಪಾಯ ಎಷ್ಟಿತ್ತೆಂದರೆ, ಪಿಸ್ತೂಲಿನ ನೆನಪೇ ಅವರಿಗೆ ಆಗಲಿಲ್ಲ. ಅದು ಕಬ್ಬಿಣದ ಬೀರುವಿನಲ್ಲೇ ಉಳಿದು, ಉಗ್ರಾಣದಲ್ಲಿ ತನ್ನ ಮೊದಲ ರಾತ್ರಿಯನ್ನು ಕಳೆಯಿತು.

ಮರುದಿನ ಬೆಳಗ್ಗೆ ನಂಬರಯ್ಯನವರು ಎಂದಿನಂತೆ ಬೀರು ತೆರೆದು, ನಂಬರಿಲ್ಲದವುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡರು. ಅರ ಕೇಳಲು ಬಂದ ಮೇಸ್ತ್ರಿ ಕಿಟಕಿಗೆ ಒರಗಿ ನಿಂತಿದ್ದ. ಅವನಿಗೆ ಅವರು ಐದನೆಯ ಕಲಮಿನ ಸೊಗಸನ್ನು ಬಿಡಿಸಿ ಹೇಳತೊಡಗಿದರು. ಬಾಯಿ ಹೇಳುತ್ತಿತ್ತು, ಕೈ ತನ್ನ ಕೆಲಸ ಮಾಡುತ್ತಿತ್ತು. ಹನ್ನೆರಡು ಸ್ಪ್ಯಾನರುಗಳಿಗೆ ನಂಬರ್ ಬಿದ್ದಿತು. ಹದಿಮೂರನೆಯದನ್ನು ತೆಗೆದುಕೊಂಡರು, ತಕ್ಕಡಿಯ ಮುದ್ರೆ, ಎರಡು, ಸೊನ್ನೆ, ಎಂಟು.

"ಭೇದವೇ ಇಲ್ಲ ನೋಡು ಮೇಸ್ತ್ರಿ! ಯಾವ ಭೇದವೂ ಇಲ್ಲದೆ ಅಂತ ಬರೆದಿದ್ದೀನಿ!" ಎಂದು ಆರನ್ನು ಹೊಡೆದರು. ಎಣ್ಣೆಯನ್ನೂ ಸವರಿ, ಪುಸ್ತಕದಲ್ಲಿ 2086 ಎಂದು ಬರೆದು, ಎದುರಿಗೆ ವಸ್ತುವಿನ ಹೆಸರು ಬರೆಯಲು ಅದನ್ನೊಮ್ಮೆ ತಿರುಗಿಸಿ ನೋಡಿದರು. ಕೈಯಲ್ಲಿದ್ದದ್ದು ಮ್ಯಾನೇಜರ ಪಿಸ್ತೂಲು.

"ನಾನು ಆಗ್ಲೇ ಹೇಳೋಣ ಅಂತಿದ್ದೆ," ಎಂದ ಮೇಸ್ತ್ರಿ. "ನೀವು ಮಾತಾಡ್ತಿದ್ರಲ್ಲ, ಮಧ್ಯೆ ಬಾಯಿ ಹಾಕ್ಬಾರ್ದು ಅಂತ ಸುಮ್ನಾದೆ."

ಸುತ್ತಿಗೆಯ ಸದ್ದು ನಿಂತದ್ದನ್ನು ಗಮನಿಸಿ ಸೊಸೆ ಕಪಾಟುಗಳ ಹಿಂದಿನಿಂದ ಬಂದಳು. ನೋಡಿದಳು.

"ಎಣ್ಣೆನೂ ಹಚ್ಚಿದ್ದೀರಾ ಮಾವ?"

"ಹಚ್ಚದೆ ಬಿಡ್ತೀನಾ?" ಎಂದರು ಅವರು ಅಳುಮುಖದಲ್ಲಿ. ಸಾರ್ ಎನ್ನು ಎಂದು ತಿದ್ದುವಷ್ಟು ತ್ರಾಣ ಉಳಿದಿರಲಿಲ್ಲ.

ಅರ ಹಾಕಿ ಉಜ್ಜಿದರೆ ಯಾರಿಗೂ ಗೊತ್ತಾಗದೆಂದು ಮೇಸ್ತ್ರಿ ಸಲಹೆ ಕೊಟ್ಟ. ನಂಬರಯ್ಯನವರು ಬೇಡವೆಂದು ತಲೆಯಾಡಿಸಿದರು. ಪಿಸ್ತೂಲಿನ ಮೇಲಿನ ಅಂಕಿ ಅಳಿಸುವುದು ದೊಡ್ಡ ಅಪರಾಧವೆಂದು ಅವರು ಬಲ್ಲರು. ಅದಕ್ಕಿಂತ ಮಿಗಿಲಾಗಿ, ಪುಸ್ತಕದಲ್ಲಿ 2086 ಎಂದು ಬರೆದಾಗಿತ್ತು. ಆ ಪುಸ್ತಕದಲ್ಲಿ ಇಂದಿನವರೆಗೆ ಒಂದು ಅಕ್ಷರವನ್ನೂ ಹೊಡೆದುಹಾಕಿದ್ದಿಲ್ಲ.

ಮಧ್ಯಾಹ್ನ ಊಟದ ಡಬ್ಬಿಯನ್ನು ತೆರೆದು ಹಾಗೆಯೇ ಮುಚ್ಚಿದರು.

"ನನ್ನ ಕೈಯಾರೆ ನಿನ್ನ ಕುರ್ಚಿ ಕಳೆದೆನಮ್ಮ."

"ಕುರ್ಚಿ ಹೋದ್ರೆ ಹೋಗ್ಲಿ, ಅನ್ನ ಆರಿಹೋಗುತ್ತೆ. ತಿನ್ನಿ," ಎಂದ ಸೊಸೆ, ತಾನು ಮಾತ್ರ ತಿನ್ನದೆ, ಪರವಾನಗಿಯ ನಕಲಿದ್ದ ಕಡತವನ್ನು ಕಿಟಕಿಯ ಬೆಳಕಿಗೆ ಒಯ್ದು ಕುಳಿತಳು.

ಮೂರನೆಯ ದಿನ ಮ್ಯಾನೇಜರು ಬಂದರು. ಅವರು ಕಿಟಕಿಗೆ ಬರುವ ಮೊದಲೇ ನಂಬರಯ್ಯನವರು ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಒಡತಿಯ ಕೋಣೆಗೆ ಹೋಗಿ, ನಡೆದದ್ದನ್ನು ನಡೆದಂತೆ ಹೇಳಿದರು. ಸೊಸೆ ಕಡತ ಹಿಡಿದು ಬಾಗಿಲ ಬಳಿ ನಿಂತಳು. ಒಡತಿ ಕನ್ನಡಕ ಏರಿಸಿ 2086ನ್ನು ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೆಗಲು ಕುಲುಕುತ್ತಿದ್ದುದು ಮಾತ್ರ ಮುಚ್ಚಲಾಗಲಿಲ್ಲ.

"ಅಕ್ಕಾ, ಇದು ನಗೋ ವಿಷಯ ಅಲ್ಲ!" ಎಂದರು ಸುದ್ದಿ ಕೇಳಿ ಓಡಿಬಂದ ಮ್ಯಾನೇಜರು. "ಮುಂದಿನ ವಾರ ಠಾಣೆಗೆ ತಗೊಂಡು ಹೋಗಿ ತೋರಿಸ್ಬೇಕು, ಪರವಾನಗಿ ಹೊಸದು ಮಾಡಿಸ್ಬೇಕು. ಏನಂತ ತೋರಿಸ್ಲಿ? ಸ್ಪ್ಯಾನರ್ ಅಂತ್ಲಾ?"

"ಅಕ್ಷರ ಮುತ್ತಿನ ಹಾಗಿದೆ ಕಣೋ ಪುಟ್ಟೂ."

"ಪುಟ್ಟು ಗಿಟ್ಟು ಎಲ್ಲ ಮನೇಲಿ! ಈ ಮನುಷ್ಯನ್ನ ಇವತ್ತೇ ಮನೆಗೆ ಕಳಿಸು. ಸೊಸೆ ಗಿಸೆ ಯಾರೂ ಬೇಡ. ಉಗ್ರಾಣಕ್ಕೆ ನಾನು ಆಳು ತರ್ತೀನಿ."

ನಂಬರಯ್ಯನವರು ತಲೆ ತಗ್ಗಿಸಿದರು. "ತಪ್ಪು ನಂದು ಅಮ್ಮಾವ್ರೇ. ನನ್ನ ಕಳಿಸಿ. ಅವಳ ಕೈ ಅದನ್ನ ಮುಟ್ಟಿಲ್ಲ."

"ಒಂದು ಮಾತು ಹೇಳ್ಲಾ?" ಎಂದಳು ಸೊಸೆ. ಒಪ್ಪಿಗೆಗೆ ಕಾಯದೆ ಕಡತ ಬಿಚ್ಚಿದಳು. "ಪರವಾನಗಿಯ ಮೂರನೇ ಪುಟ. ಸಣ್ಣ ಅಕ್ಷರದಲ್ಲಿದೆ. 'ಪರವಾನಗಿದಾರನು ಈ ಆಯುಧವನ್ನು ವಾಸದ ಮನೆಯ ರಕ್ಷಣೆಗೆ ಮಾತ್ರ ಇಟ್ಟುಕೊಳ್ಳತಕ್ಕದ್ದು. ಕೆಲಸದ ಸ್ಥಳಕ್ಕೆ ಒಯ್ಯಕೂಡದು.'"

ಒಡತಿ ಬಾಯಿಂದ ಸೆರಗು ತೆಗೆದರು.

"ಅಂದ್ರೆ, ನಂಬರ್ ಬೀಳೋದು ಹಾಗಿರಲಿ, ಇದು ಇಲ್ಲಿಗೆ ಬರೋ ಹಾಗೇ ಇರ್ಲಿಲ್ಲ," ಎಂದು ಅವಳು ಮೆಲ್ಲಗೆ ಮುಗಿಸಿದಳು. "ಈಗ ಬಂದಿತ್ತು ಅನ್ನೋದಕ್ಕೆ ಮೈಮೇಲೆ ನಮ್ಮ ತಕ್ಕಡಿ ಮುದ್ರೆ ಬೇರೆ ಇದೆ."

ಮ್ಯಾನೇಜರು ಕಡತ ಕಸಿದುಕೊಂಡು ಓದಿದರು. ಅವರ ಮುಖ ಹರಳೆಣ್ಣೆ ಕುಡಿದಂತಾಯಿತು. ಒಡತಿ ಈಗ ನಗುತ್ತಿರಲಿಲ್ಲ.

"ಒಂದು ವರ್ಷ ಸೊಂಟದಲ್ಲಿ ಇಟ್ಕೊಂಡು ತಿರುಗಿದೆಯಲ್ಲೋ. ಒಂದು ಸಲ ಓದ್ಲಿಲ್ವಾ?" ಎಂದವರು ನಂಬರಯ್ಯನವರ ಕಡೆಗೂ ತಿರುಗಿದರು. "ನೀವೂ ಅಷ್ಟೇ. ನಕಲು ಇರತಕ್ಕದ್ದು ಅಂತ ಬರೆದ್ರಿ. ಓದತಕ್ಕದ್ದು ಅಂತ ಬರೀಲಿಲ್ಲ."

ನಂಬರಯ್ಯನವರಿಗೆ ಇದು ಪಿಸ್ತೂಲಿಗೆ ಬಿದ್ದ ನಾಲ್ಕು ಅಂಕಿಗಳ ಏಟಿಗಿಂತ ಗಟ್ಟಿಯಾದ ಏಟು. ಅವರು ಪರವಾನಗಿಯ ನಂಬರನ್ನು ಮಾತ್ರ ಬರೆದುಕೊಂಡು, ಉಳಿದದ್ದನ್ನು ಅಂದವಾಗಿ ರಂಧ್ರ ಕೊರೆದು ಕಡತಕ್ಕೆ ಸೇರಿಸಿದ್ದರು. ಏಳು ಕಲಮು ಬರೆದು, ಬರಲೇಬಾರದ ವಸ್ತುವಿಗೆ ತಾವೇ ಮರ್ಯಾದೆಯ ದಾರಿ ಮಾಡಿಕೊಟ್ಟಿದ್ದರು.

"ಅಕ್ಕಾ, ಇದನ್ನ ಹೊರಗೆ ಹೇಳೋದು ಬೇಡ. ಉಜ್ಜಿಸಿಬಿಡೋಣ," ಎಂದರು ಮ್ಯಾನೇಜರು, ದನಿ ಅರ್ಧಕ್ಕಿಳಿದಿತ್ತು.

"ತಕ್ಕಡಿ ಮಾರೋರು ಕಣೋ ನಾವು. ನಡೆದದ್ದೆಲ್ಲ ಬರೆದು, ನೀನೇ ಠಾಣೆಗೆ ತಗೊಂಡು ಹೋಗಿ ಒಪ್ಪಿಸು. ಅವರು ಬೈದ್ರೆ ಬೈಸ್ಕೋ." ಒಡತಿ ಕಡತವನ್ನು ಸೊಸೆಯ ಕೈಗೆ ಮರಳಿಸಿದರು. "ಪತ್ರ ಇವಳು ಬರೀಲಿ. ಚಿಕ್ಕದಾಗಿ. ನಂಬರಯ್ಯ, ಬೀಗದ ಕೈ ನಾಳೆಯಿಂದ್ಲೇ ಇವಳ ಹತ್ರ ಇರ್ಲಿ. ನಾಲ್ಕು ತಿಂಗಳು ನೀವು ಪಕ್ಕದಲ್ಲಿ ಕೂತು, ಗೊತ್ತಿರೋದನ್ನ ಹೇಳ್ಕೊಡಿ."

ಬಯಸಿದ್ದು ಕೈಗೂಡಿತ್ತು; ಬಯಸಿದ ರೀತಿಯಲ್ಲಿ ಅಲ್ಲ. ಮಾಲೆ ಹಾಕಿಸಿಕೊಂಡು, ಎರಡು ಮಾತಾಡಿ ಗೊಂಚಲು ಹಸ್ತಾಂತರಿಸುವ ಚಿತ್ರವನ್ನು ಅವರು ಎಷ್ಟೋ ದಿನದಿಂದ ಮನಸ್ಸಿನಲ್ಲಿ ತಿದ್ದಿಕೊಂಡಿದ್ದರು. ಭಾಷಣವೂ ಮುಕ್ಕಾಲು ಪಾಲು ಸಿದ್ಧವಿತ್ತು.

ಮರುದಿನ ಬೆಳಗ್ಗೆ ಸೊಂಟಕ್ಕೆ ಕಟ್ಟಿಕೊಂಡಿದ್ದ ದಾರ ಬಿಚ್ಚಿ ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟರು.

"ಬೇಜಾರಾ ಮಾವ?"

"ಬೇಜಾರೇನು ಬಂತು," ಎಂದರು. ಗೊಂಚಲನ್ನು ಅವಳ ಕಡೆಗೆ ಸರಿಸಿ, "ಮೂರನೇ ಪುಟಕ್ಕೆ ಹೋಗ್ಬೇಕು ಅಂತ ಹೇಗೆ ಹೊಳೀತು ನಿಂಗೆ?"

"ಒಂದು, ಎರಡು ಓದಿ ಮುಗಿದಿತ್ತು."

ಅಷ್ಟರಲ್ಲಿ ಮ್ಯಾನೇಜರು ಗೇಟಿನಲ್ಲಿ ಕಾಣಿಸಿಕೊಂಡರು. ಅಭ್ಯಾಸಬಲದಿಂದ ಕಿಟಕಿಯ ಬಳಿ ನಿಂತು, ಕೈಯನ್ನು ಸೊಂಟಕ್ಕೆ ಒಯ್ದು, ಪಿಸ್ತೂಲು ಹಿಂದಿನ ಸಂಜೆಯೇ ಠಾಣೆ ಸೇರಿ ಅಲ್ಲಿ ಏನೂ ಇಲ್ಲದ್ದರಿಂದ ಬೆಲ್ಟನ್ನೇ ಸರಿಮಾಡಿಕೊಂಡರು. ಒಳಗೆ ನಂಬರಯ್ಯನವರ ಕೈಯೂ ಗೊಂಚಲಿಲ್ಲದ ಸೊಂಟವನ್ನೇ ತಡವುತ್ತಿತ್ತು. ಇಬ್ಬರ ಕಣ್ಣೂ ಕಲೆತವು.

"ಮೊದಮೊದಲು ಹಗುರ ಅನ್ನಿಸುತ್ತೆ ಸಾರ್," ಎಂದರು ನಂಬರಯ್ಯ.

ಮ್ಯಾನೇಜರು ಏನೋ ಬಿರುಸಾಗಿ ಹೇಳಲು ಬಾಯಿ ತೆರೆದವರು, "ಹೌದ್ರೀ," ಎಂದಷ್ಟೇ ಹೇಳಿ ಒಳಗೆ ನಡೆದರು.