ಇಪ್ಪತ್ತು ಕ್ಯಾರೆಟ್ಟಿನ ಹೊಳೆ

ಕಾಯಿಸಿದ ಒಡವೆಯನ್ನು ಅಕ್ಕಸಾಲಿ ಅಪ್ಪ ಹುಳಿನೀರಿಗೆ ಹಾಕಿದಾಗ ಚುಂಯ್ ಎಂದು ಏಳುತ್ತಿದ್ದ ಆವಿಗೆ ಒಂದು ವಾಸನೆಯಿತ್ತು. ಇದ್ದಿಲು, ಬಿಳಿಗಾರ, ಸುಟ್ಟ ತಾಮ್ರ ಎಲ್ಲ ಸೇರಿ ಮೂಗಿನೊಳಗೇ ಮನೆ ಮಾಡಿಕೊಳ್ಳುವಂಥ ವಾಸನೆ. ಅಕ್ಕನ ಪಕ್ಕ ಕೂತು ನೋಡುತ್ತಿದ್ದ ತಮ್ಮನಿಗೆ ಆಗ ಐದೋ ಆರೋ ವರ್ಷ. "ಅಪ್ಪಾ, ಇದು ಚಿನ್ನದ ವಾಸನೇನಾ?" ಎಂದು ಕೇಳಿದ್ದಕ್ಕೆ ಅಪ್ಪ ಊದುಗೊಳವೆಯನ್ನು ಬಾಯಿಂದ ತೆಗೆದು, "ಚಿನ್ನಕ್ಕೆಲ್ಲಿ ವಾಸನೆ? ಅದ್ರ ಜೊತೆ ಸೇರ್ಕೊಂಡಿರೋದ್ರದ್ದು ವಾಸನೆ" ಎಂದಿದ್ದರು. ಆ ಮಾತನ್ನು ತಮ್ಮ ಎಷ್ಟು ಗಂಭೀರವಾಗಿ ತೆಗೆದುಕೊಂಡನೆಂದರೆ, ಮುಂದೆ ಚಿನ್ನದ ಜೊತೆ ಸೇರಿಕೊಂಡದ್ದನ್ನು ಪತ್ತೆ ಹಚ್ಚುವುದೇ ಅವನ ಕಸುಬಾಯಿತು.

ಮೂವತ್ತೈದು ವರ್ಷ ಅವನು ಒಂದು ದೊಡ್ಡ ಒಡವೆ ಅಂಗಡಿಯಲ್ಲಿ ಹಳೆಯ ಚಿನ್ನ ಕೊಳ್ಳುವ ಕೌಂಟರಿನ ಹಿಂದೆ ಕೂತಿದ್ದ. ಜನ ತಂದ ಬಳೆ, ಸರಗಳನ್ನು ಒರೆಗಲ್ಲಿಗೆ ಉಜ್ಜಿ, ಗೆರೆಯನ್ನು ಬೆಳಕಿಗೆ ಹಿಡಿದು, "ಇಪ್ಪತ್ತೊಂದು", "ಹದಿನೆಂಟು" ಎನ್ನುತ್ತಿದ್ದ. ಇಪ್ಪತ್ತೆರಡು ಎಂದು ನಂಬಿಕೊಂಡು ಬಂದವರ ಮುಖ ಬಾಡುತ್ತಿತ್ತು. ಅವರಿಗೆ ಕುಡಿಯಲು ನೀರು ಕೊಡುತ್ತಿದ್ದ, ಕೂರಲು ಕುರ್ಚಿ ಎಳೆದು ಹಾಕುತ್ತಿದ್ದ; ಆದರೆ ಒಂದು ಕ್ಯಾರೆಟ್ಟು ಹೆಚ್ಚು ಹೇಳುತ್ತಿರಲಿಲ್ಲ. ಬೀದಿಯವರು ಅವನಿಗೆ 'ಒರೆಗಲ್ಲು' ಎಂದೇ ಹೆಸರಿಟ್ಟಿದ್ದರು. ಮದುವೆಯಾಗಲಿಲ್ಲ. ಹೆಣ್ಣು ಕೊಡಲು ಬಂದವರು ತಂದಿದ್ದ ಉಂಗುರದ ಬಗ್ಗೆಯೂ ನಿಜ ಹೇಳಿಬಿಟ್ಟ ಎಂದು ಅಕ್ಕ ಈಗಲೂ ನಗುತ್ತಾಳೆ.

ಆಮೇಲೆ ಅಂಗಡಿಗೆ ಯಂತ್ರ ಬಂತು. ಒಡವೆಯನ್ನು ಒಳಗಿಟ್ಟು ಮುಚ್ಚಳ ಹಾಕಿದರೆ ಒಂದು ನಿಮಿಷದಲ್ಲಿ ಚಿನ್ನ ಇಷ್ಟು, ತಾಮ್ರ ಇಷ್ಟು, ಬೆಳ್ಳಿ ಇಷ್ಟು ಎಂದು ಪರದೆಯ ಮೇಲೆ ಬರೆಯುತ್ತಿತ್ತು. ಮೊದಲ ತಿಂಗಳು ಯಂತ್ರವೂ ತಮ್ಮನೂ ಒಂದೇ ಮಾತು ಆಡಿದರು. ಒಂದು ಮಂಗಳವಾರ ಒಂದು ಬಳೆಗೆ ಅವನು ಇಪ್ಪತ್ತೆರಡು ಎಂದ, ಯಂತ್ರ ಇಪ್ಪತ್ತು ಎಂದಿತು. ಮಾಲೀಕ ಒಳ್ಳೆಯವನು, ಬೈಯಲಿಲ್ಲ. "ಕಣ್ಣಿಗೂ ರೆಸ್ಟ್ ಬೇಕಲ್ವಾ ನಿಮ್ಗೆ" ಎಂದು ಒಂದು ಶಾಲು ಹೊದಿಸಿ ಮನೆಗೆ ಕಳಿಸಿದ. ಬೈದಿದ್ದರೆ ಜಗಳವಾಡಬಹುದಿತ್ತು. ಶಾಲಿನ ಜೊತೆ ಜಗಳವಾಡುವುದು ಹೇಗೆ?

ಅಂದಿನಿಂದ ತಮ್ಮನಿಗೆ ಒಂದೇ ಚಿಂತೆ. ನನ್ನ ಕಣ್ಣು ಹೋಯಿತೇ? ಕಣ್ಣಿನ ಡಾಕ್ಟರ ಹತ್ತಿರ ಹೋಗು ಎಂದು ಅಕ್ಕ ಹೇಳಿದಳು. "ಅವ್ರು ಅಕ್ಷರ ಓದಿಸ್ತಾರೆ. ಅಕ್ಷರ ಕುರುಡರೂ ಓದ್ತಾರೆ" ಎಂದ. ಗಂಡನನ್ನು ಕಳೆದುಕೊಂಡ ಮೇಲೆ ಅಕ್ಕ ತಮ್ಮನ ಜೊತೆಯೇ ಇದ್ದಳು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲಿರುವ ಸಣ್ಣ ಅಂಗಳ. ಆರು ತಿಂಗಳು ಅವನು ಆ ಅಂಗಳದ ಗೋಡೆ ನೋಡುತ್ತ ಕೂತ. ಕೊನೆಗೆ ಒಂದು ಬೆಳಿಗ್ಗೆ ತಾನಾಗಿಯೇ ಬಾಯಿ ಬಿಟ್ಟ.

"ಅಕ್ಕಾ, ಹೊಳೇಲಿ ಚಿನ್ನ ತೊಳೀತೀನಿ."

"ಹೊಳೇಲಿ ಹುಣಸೆಹಣ್ಣು ತೊಳೆಯೋರ ಸುದ್ದಿ ಕೇಳಿದ್ದೆ. ಚಿನ್ನ ಬೇರೆನಾ?"

"ತಮಾಷೆ ಅಲ್ಲ. ಒಡವೆಗಾದ್ರೆ ಯಾರೋ ಮೊದ್ಲೇ ಬೆಲೆ ಕಟ್ಟಿರ್ತಾರೆ. ಹೊಳೇ ಚಿನ್ನನ ಯಾರೂ ನೋಡಿರಲ್ಲ, ಯಾವ ಯಂತ್ರಾನೂ ನೋಡಿರಲ್ಲ. ಮಣ್ಣಲ್ಲಿ ಅದು ನನ್ನ ಕಣ್ಣಿಗೆ ಬಿತ್ತು ಅಂದ್ರೆ ಕಣ್ಣಿದೆ ಅಂತ. ಬೀಳ್ಲಿಲ್ಲ ಅಂದ್ರೆ ಹೋಯ್ತು ಅಂತ. ಒಂದು ತಿಂಗಳು ನೋಡ್ತೀನಿ. ಆಮೇಲೂ ಕಾಣ್ಲಿಲ್ಲ ಅಂದ್ರೆ ಒರೆಗಲ್ಲನ್ನ ಬಾವಿಗೆ ಎಸೆದುಬಿಡ್ತೀನಿ."

ಅಕ್ಕ ನಗುವುದನ್ನು ಅಲ್ಲಿಗೇ ನಿಲ್ಲಿಸಿದಳು.

ಊರಿನಿಂದ ಎರಡು ಮೈಲಿ ಆಚೆ ಹರಿಯುವ ಹೊಳೆಯ ಮರಳನ್ನು ಹಿಂದೆ ಯಾರೋ ತೊಳೆಯುತ್ತಿದ್ದರಂತೆ. ಹೀಗೆಂದು ಹೇಳಿದವನು ಕ್ಷೌರದಂಗಡಿಯವನು. ಅವನ ಅಂಗಡಿಯಲ್ಲಿ ಕೂದಲಿಗಿಂತ ಹೆಚ್ಚಾಗಿ ಸುದ್ದಿ ಉದುರುತ್ತಿತ್ತು. ಭಾನುವಾರಗಳಂದು ಅದೇ ಹೊಳೆಯಲ್ಲಿ ಮೀನಿಗೆ ಗಾಳ ಹಾಕುತ್ತಿದ್ದ. ಉಳಿದ ವಿದ್ಯೆಯನ್ನು ತಮ್ಮ ಫೋನಿನ ವಿಡಿಯೋಗಳಿಂದ ಕಲಿತ. ಬೇಕಾದದ್ದು ಎರಡೂ ತುದಿ ತೆರೆದ ನಾಲ್ಕಡಿ ಉದ್ದದ ಮರದ ಕಾಲುವೆ. ತಳಕ್ಕೆ ಒರಟು ಚಾಪೆ, ಅದರ ಮೇಲೆ ಎರಡೆರಡು ಅಂಗುಲಕ್ಕೊಂದು ಅಡ್ಡಪಟ್ಟಿ. ಅದನ್ನು ಹೊಳೆಯಲ್ಲಿ ಇಳಿಜಾರಾಗಿ ಇಟ್ಟು ತಲೆಯ ಕಡೆಯಿಂದ ಮರಳು ಸುರಿಯಬೇಕು. ಹಗುರವಾದದ್ದೆಲ್ಲ ನೀರಿನ ಜೊತೆ ಹೋಗುತ್ತದೆ, ಭಾರವಾದದ್ದು ಪಟ್ಟಿಗಳ ಹಿಂದೆ ಅವಿತು ಕೂರುತ್ತದೆ. ಕೇಳುವುದಕ್ಕೆ ಇಷ್ಟೇ.

ಮಾಡುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಹಳೆಯ ಮಂಚದ ಹಲಗೆ ಪಕ್ಕಗಳಾದವು, ಕಪಾಟಿನ ಹಿಂಬದಿ ತಳವಾಯಿತು. ಗುಲಗಂಜಿ ತೂಕದಲ್ಲಿ ಬದುಕಿದವನಿಗೆ ಸುತ್ತಿಗೆ ಹೊಸದು. ಮೊದಲ ದಿನ ಬಡಿದ ಮೊಳೆಗಳೆಲ್ಲ ತಳದಿಂದ ಆಚೆ ಬಂದು, ಅದನ್ನು ಎತ್ತಿದವರ ಕೈಗೆ ಚುಚ್ಚಿದವು. ಎತ್ತಿದವಳು ಅಕ್ಕ. ಆಮೇಲೆ ಸಂದಿಗಳಲ್ಲಿ ನೀರು ಸೋರಿತು. ಮೇಣ ಕರಗಿಸಿ ಸುರಿದ. ಸ್ನಾನದ ಮನೆಯ ಕಾಲೊರಸು ಒಂದು ದಿನ ಮಾಯವಾಗಿ ಕಾಲುವೆಯ ತಳದಲ್ಲಿ ಪ್ರತ್ಯಕ್ಷವಾಯಿತು. ಒದ್ದೆ ಕಾಲಿನ ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು.

"ಅದಕ್ಕೆ ಚಿನ್ನ ಅಂಟತ್ತೋ ಇಲ್ವೋ, ನಿನ್ನ ಕಾಲಿನ ಕೊಳೆ ಅಂತೂ ಗ್ಯಾರಂಟಿ ಇದೆ ಕಣೋ."

"ಕೊಳೆ ಹಗುರ ಅಕ್ಕ. ತೇಲಿಹೋಗತ್ತೆ."

"ನಿನ್ನ ಕಾಲಿನದ್ದಾ? ನೋಡ್ತೀನಿ."

ಪರೀಕ್ಷೆಗೆ ಕ್ಷೌರದಂಗಡಿಯವನು ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಸಣ್ಣಗೆ ಕತ್ತರಿಸಿ ಕೊಟ್ಟ. "ಚಿನ್ನದಷ್ಟಲ್ದಿದ್ರೂ ಭಾರ ಇದೆ ಅಣ್ಣ. ಇದನ್ನ ಹಿಡಿದ್ರೆ ಅದನ್ನೂ ಹಿಡಿಯತ್ತೆ." ಅಂಗಳದಲ್ಲಿ ನಲ್ಲಿಗೆ ಕೊಳವೆ ಸಿಕ್ಕಿಸಿ ಇಪ್ಪತ್ತು ಚೂರನ್ನು ಮರಳಿನ ಜೊತೆ ಸುರಿದರು. ಇಳಿಜಾರು ಹೆಚ್ಚಾಗಿ ಇಪ್ಪತ್ತೂ ಮೋರಿ ಸೇರಿದವು. ಇಳಿಜಾರು ತಗ್ಗಿಸಿದರೆ ಮರಳು ಪಟ್ಟಿಗಳನ್ನೇ ಮುಚ್ಚಿ ಗೋರಿ ಕಟ್ಟಿತು. ಕೊನೆಗೆ ಒಂದು ಅಡಿಗೆ ಒಂದು ಅಂಗುಲದ ಇಳಿಜಾರಿನಲ್ಲಿ ಹದಿನೇಳು ಚೂರು ನಿಂತವು. ತಮ್ಮ ಆ ದಿನ ಎರಡು ಸಲ ಬಡಿಸಿಕೊಂಡು ಉಂಡ. ಅಕ್ಕ ಅದನ್ನು ನೋಡಿಯೂ ನೋಡದವಳಂತೆ ಪಾತ್ರೆಯಲ್ಲಿ ಉಳಿದದ್ದನ್ನು ಅವನ ಕಡೆಗೆ ಸರಿಸಿದಳು.

ಮರುದಿನದಿಂದ ಸೈಕಲ್ಲಿನ ಹಿಂದೆ ಕಾಲುವೆ ಕಟ್ಟಿಕೊಂಡು ಹೊರಡುವ ತಮ್ಮನನ್ನು ಬೀದಿಯೆಲ್ಲ ನೋಡಿತು. "ಏನ್ ಒರೆಗಲ್ಲು, ಕೋಳಿಗೂಡಾ?" ಎಂದರು ಕೆಲವರು. ಮೊಣಕಾಲು ಮಟ್ಟ ತಣ್ಣೀರಿನಲ್ಲಿ ನಿಂತು ಮರಳು ಸುರಿಯುತ್ತಿದ್ದ. ಸಂಜೆ ಕಾಲೊರಸನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಬಂದು ಅಂಗಳದಲ್ಲಿ ಹಿಂಡುತ್ತಿದ್ದ. ತಳದಲ್ಲಿ ಉಳಿದ ಕಪ್ಪು ಮರಳನ್ನು ತಟ್ಟೆಗೆ ಹಾಕಿ ನೀರಿನಲ್ಲಿ ಆಡಿಸಬೇಕು. ಅದು ಅವನಿಗೆ ಬರುತ್ತಿರಲಿಲ್ಲ. ಒಂದೇ ಸಲಕ್ಕೆ ಅರ್ಧ ಚೆಲ್ಲಿಬಿಡುತ್ತಿದ್ದ.

"ಕೊಡಿಲ್ಲಿ," ಎಂದಳು ಅಕ್ಕ. "ಹುಟ್ಟಿದಾಗಿಂದ ಅಕ್ಕೀಲಿ ಕಲ್ಲು ಜಾಲಿಸಿದೀನಿ. ನಾನು ಕಲ್ಲು ಬೇಡ ಅಂತ ಉಳಿಸ್ತಿದ್ದೆ, ನೀನು ಬೇಕು ಅಂತ ಉಳಿಸ್ತೀಯ. ಅಷ್ಟೇ ವ್ಯತ್ಯಾಸ." ಮಣಿಕಟ್ಟನ್ನು ಒಂದಿಷ್ಟೇ ತಿರುಗಿಸಿ ತೋರಿಸಿದಳು. ತಮ್ಮ ಕಲಿತ.

ಮೂರು ವಾರ ಕಳೆಯಿತು. ಸಿಕ್ಕಿದ್ದು ಕಪ್ಪು ಮರಳು, ಒಂದು ಅಂಗಿಯ ಗುಂಡಿ, ಕ್ಷೌರದಂಗಡಿಯವನ ಕಳೆದುಹೋಗಿದ್ದ ಎರಡು ಗಾಳ, ತಮ್ಮನಿಗೆ ಕೆಮ್ಮು. ಒಮ್ಮೆ ಕ್ಷೌರದಂಗಡಿಯವನೇ, "ಅಣ್ಣಾ, ಸಿಕ್ತು! ಖುಲಾಯಿಸ್ತು ನಮ್ಮ ಅದೃಷ್ಟ!" ಎಂದು ಮಿನುಗುವುದೇನನ್ನೋ ಅಂಗೈಯಲ್ಲಿ ಹಿಡಿದು ಓಡಿಬಂದ. ತಮ್ಮ ದೂರದಿಂದಲೇ, "ಅಭ್ರಕ, ಎಸಿ" ಎಂದ. ಅಷ್ಟು ಚೆನ್ನಾಗಿ ಕಂಡದ್ದು ಅವನ ಲೆಕ್ಕಕ್ಕೆ ಬರಲಿಲ್ಲ. ಚಿನ್ನವಲ್ಲದ್ದನ್ನು ಚಿನ್ನವಲ್ಲ ಎನ್ನುವುದು ಯಾವ ದೊಡ್ಡ ವಿದ್ಯೆ?

ತಿಂಗಳಿಗೆ ನಾಲ್ಕು ದಿನ ಉಳಿದಿತ್ತು. ಅವನು ಮತ್ತೆ ಗೋಡೆಯ ಕಡೆ ಮುಖ ಮಾಡಿ ಕೂರತೊಡಗಿದ್ದ.

ಆ ಸಂಜೆ ತಟ್ಟೆಯಲ್ಲಿ ಕಪ್ಪು ಮರಳು ಆಡಿಸುತ್ತಿದ್ದಾಗ ಅಂಚಿನಲ್ಲಿ ಏನೋ ಹಳದಿ ನಿಂತಿತು. ಇನ್ನೊಮ್ಮೆ ಆಡಿಸಿದ. ಕಪ್ಪು ಸರಿಯಿತು, ಹಳದಿ ಸರಿಯಲಿಲ್ಲ. ಏಳು ಕಣ.

ಅಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. "ಏನೋ ಅದು? ಚಿನ್ನಾನಾ? ಕಂಡಿತಾ ನಿಂಗೆ?"

"ಕಂಡಿತು," ಎಂದ. ಮತ್ತೆ ಅಭ್ಯಾಸಬಲದಿಂದ, "ನೋಡಿ ಹೇಳ್ತೀನಿ" ಎಂದ.

ಕೋಣೆಗೆ ಹೋಗಿ ದೀಪದ ಕೆಳಗೆ ಭೂತಗನ್ನಡಿ ಹಿಡಿದ. ಹೊಳೆಯ ಚಿನ್ನ ಕಲ್ಲುಗಳ ನಡುವೆ ಉರುಳುರುಳಿ ಚಪ್ಪಟೆಯಾಗಿ, ಅಂಚೆಲ್ಲ ಸವೆದು ಬರುತ್ತದೆ. ಈ ಕಣಗಳು ಸುರುಳಿ ಸುತ್ತಿದ್ದವು. ಮೈಮೇಲೆ ಲೋಹ ತೇಯುವ ಅರದ ಹಲ್ಲಿನ ಗುರುತು ಸಾಲಾಗಿತ್ತು. ಒಂದನ್ನು ಒರೆಗಲ್ಲಿನ ಮೇಲೆ ಬೆರಳಿಂದ ಒತ್ತಿ ಎಳೆದ. ಕೂದಲೆಳೆಯಷ್ಟು ಗೆರೆ. ತುಸು ಕೆಂಪು. ಇಪ್ಪತ್ತು ಕ್ಯಾರೆಟ್ಟು, ತಾಮ್ರ ಧಾರಾಳ. ಹೊಳೆಯ ಚಿನ್ನದಲ್ಲಿ ಬೆಳ್ಳಿ ಬೆರೆತಿರುತ್ತದೆ, ತಾಮ್ರ ಹೀಗೆ ಬೆರೆತಿರುವುದಿಲ್ಲ. ತಾಮ್ರ ಸೇರಿಸುವವನು ಮನುಷ್ಯ.

ಇಷ್ಟೆಲ್ಲ ಅವನ ಕಣ್ಣು ಹೇಳಿತು. ಆದರೆ ಆ ಕಣ್ಣನ್ನು ನಂಬುವುದು ಹೇಗೆ? ವಾದವೇ ಅದರ ಮೇಲಿದ್ದಾಗ ಸಾಕ್ಷಿಯೂ ಅದೇ ಆದರೆ ಆಯಿತೇ?

ಬೆಳಿಗ್ಗೆ ಕಣಗಳನ್ನು ಕಾಗದದಲ್ಲಿ ಮಡಿಸಿಕೊಂಡು ಅಂಗಡಿಗೆ ಹೋದ. ಯಂತ್ರದ ಮುಂದೆ ಕೂರುವ ಹುಡುಗಿ ಎದ್ದು ನಿಂತು ತನ್ನ ಕುರ್ಚಿಯನ್ನೇ ಅವನಿಗೆ ಕೊಟ್ಟಳು. ಕಣಗಳನ್ನು ಯಂತ್ರದೊಳಗಿಟ್ಟು ಮುಚ್ಚಳ ಹಾಕುವ ಮೊದಲು ತಡೆದು, "ಮೊದ್ಲು ನೀವು ಹೇಳಿ ಅಂಕಲ್. ಇದು ಆಮೇಲೆ ಹೇಳ್ಲಿ" ಎಂದಳು.

"ಇಪ್ಪತ್ತು. ಬೆಳ್ಳಿ ಸ್ವಲ್ಪ, ಉಳಿದದ್ದೆಲ್ಲ ತಾಮ್ರ."

ಮುಚ್ಚಳ ಬಿತ್ತು. ಒಂದು ನಿಮಿಷ ಒಂದು ಯುಗದಂತೆ ಕಳೆಯಿತು. ಪರದೆಯ ಮೇಲೆ ಎಂಬತ್ತಮೂರು ಚಿಲ್ಲರೆ ಬಂತು. ಇಪ್ಪತ್ತು ಕ್ಯಾರೆಟ್ಟೆಂದರೆ ಅಷ್ಟೇ. ಬೆಳ್ಳಿ ನಾಲ್ಕು. ಉಳಿದದ್ದೆಲ್ಲ ತಾಮ್ರ.

"ಅಯ್ಯೋ ಅಂಕಲ್, ಒಂದು ಕೂದಲೂ ಆಚೀಚೆ ಇಲ್ಲ!" ಹುಡುಗಿ ಚಪ್ಪಾಳೆ ತಟ್ಟಿಯೇ ಬಿಟ್ಟಳು. "ಎಲ್ಲಿ ಸಿಕ್ತು ಇದು?"

"ಹೊಳೇಲಿ."

"ಹೊಳೆ ಉಂಗುರ ಹಾಕ್ಕೊಂಡಿತ್ತಾ? ಇಷ್ಟು ತಾಮ್ರ ಇದೆ!"

"ನಮ್ಮ ಹೊಳೆ ಹಂಗೇ ಕಣಮ್ಮ," ಎಂದು ತಮ್ಮ ಕಾಗದ ಮಡಿಸಿಕೊಂಡ.

ಬೀದಿಗಿಳಿದಾಗ ಅವನಿಗೆ ಕುಣಿಯಬೇಕೆನ್ನಿಸಿತು. ಕಣ್ಣಿದೆ! ಕಲ್ಲಿನಂತೆ ಗಟ್ಟಿಯಾಗಿದೆ! ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅದೇ ಕಣ್ಣು ಮುಂದಿನದನ್ನೂ ತೋರಿಸಿತು. ಮನೆಯಲ್ಲಿ ಇಪ್ಪತ್ತು ಕ್ಯಾರೆಟ್ಟಿನ ಕೆಂಪು ಚಿನ್ನ ಒಂದೇ ಕಡೆ ಇತ್ತು, ಅಕ್ಕನ ಕಿವಿಯಲ್ಲಿ. ಅಮ್ಮನ ಓಲೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹುರುಪಿನಲ್ಲಿ, ಅದನ್ನು ಅವನೇ ಉಜ್ಜಿ ನೋಡಿ, "ಇಪ್ಪತ್ತೇ ಕಣೆ ಅಕ್ಕ, ಅಮ್ಮನಿಗೆ ಯಾರೋ ಟೋಪಿ ಹಾಕಿದಾರೆ" ಎಂದಿದ್ದ. ಅಕ್ಕ ಒಂದು ವಾರ ಅವನ ಜೊತೆ ಮಾತು ಬಿಟ್ಟಿದ್ದಳು.

ಮನೆಗೆ ಬಂದಾಗ ಅಕ್ಕ ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದಳು. ಎಡಗಿವಿಯ ಓಲೆಗೆ ತಿರುಪಿರಲಿಲ್ಲ. ಹಿಂದಿನಿಂದ ಹಳದಿ ದಾರ ಸುತ್ತಿ ಗಂಟು ಹಾಕಿದ್ದಳು. ಬಲಗೈ ಹೆಬ್ಬೆರಳಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ಅರ ಹಿಡಿದು ಅಭ್ಯಾಸವಿಲ್ಲದ ಕೈ.

ತಮ್ಮ ಬಾಗಿಲಲ್ಲೇ ನಿಂತ. ನಿಜ ಹೇಳಿದರೆ ಅವಳು ಸಿಕ್ಕಿಬಿದ್ದ ಕಳ್ಳಿಯಂತೆ ನಾಚುತ್ತಾಳೆ. ಸುಮ್ಮನಿದ್ದು ಹೊಳೆಗೆ ಹೋಗುತ್ತಿದ್ದರೆ ನಾಳೆ ಬಲಗಿವಿಯ ತಿರುಪೂ ಅರದ ಬಾಯಿಗೆ ಬೀಳುತ್ತದೆ. ಅವಳು ತೇಯ್ದು ಮರಳಿಗೆ ಬೆರೆಸಿದ್ದಕ್ಕೆ ಒಂದು ಮರ್ಯಾದೆಯಾದರೂ ಬೇಡವೇ?

"ಏನಂದ್ರೋ ಅಂಗಡೀಲಿ?" ಅಕ್ಕ ತಿರುಗದೆಯೇ ಕೇಳಿದಳು.

"ಅಂಗಡಿಯವ್ರು ಏನು ಹೇಳೋದು? ನಾನೇ ಹೇಳ್ತೀನಿ. ಹೊಳೇ ಚಿನ್ನ ಅಕ್ಕ. ಅಪರಂಜಿ. ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕು. ಇಂಥ ಚೊಕ್ಕ ಚಿನ್ನ ನಾನು ಹುಟ್ಟಿದ ಮೇಲೆ ನೋಡಿಲ್ಲ. ಸಾಕಿನ್ನು. ನಾಳೆಯಿಂದ ಹೊಳೆಗೆ ಹೋಗಲ್ಲ."

ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಸುಳ್ಳಿನಲ್ಲೂ ಅಳತೆ ಮೀರುತ್ತಾನೆ. ಜೀವಮಾನದಲ್ಲಿ ಒಂದು ಕ್ಯಾರೆಟ್ಟು ಹೆಚ್ಚು ಹೇಳದವನು ಒಂದೇ ಉಸಿರಿಗೆ ನಾಲ್ಕು ಹೆಚ್ಚು ಹೇಳಿದ್ದ. ಹಗುರವಾದೆ ಎಂದುಕೊಂಡ.

ಅಕ್ಕ ತಿರುಗಿದಳು. ಮುಖ ಅರಳುತ್ತದೆಂದು ಅವನು ಕಾದ, ಅದು ಬಾಡಿತು. ಕೌಂಟರಿನ ಆಚೆ ಮೂವತ್ತೈದು ವರ್ಷ ನೋಡಿದ ಮುಖ ಅದು. ಇಪ್ಪತ್ತೆರಡು ಎಂದು ನಂಬಿ ಬಂದು ಹದಿನೆಂಟು ಎಂದು ಕೇಳಿಸಿಕೊಂಡವರ ಮುಖ. ಆಗ ಅವನಿಗೆ ಹೊಳೆಯಿತು. ಅವಳಿಗೆ ತನ್ನ ಓಲೆ ಎಷ್ಟು ಕ್ಯಾರೆಟ್ಟೆಂದು ಗೊತ್ತು. ಹೇಳಿದವನು ಅವನೇ. ಇಪ್ಪತ್ತನ್ನು ಅಪರಂಜಿ ಎನ್ನುತ್ತಿರುವ ತಮ್ಮನ ಕಣ್ಣು ನಿಜವಾಗಿಯೂ ಹೋಗಿದೆ ಎಂದೇ ಅವಳು ತಿಳಿದಿದ್ದಳು.

ಬಾಯಿ ತೆರೆದ. ಯಂತ್ರ, ಎಂಬತ್ತಮೂರು, ಹುಡುಗಿಯ ಚಪ್ಪಾಳೆ, ಎಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಒಂದೇ ಮಾತು ಸಾಕಿತ್ತು. ಅಕ್ಕನ ಕಿವಿಯ ಹಳದಿ ದಾರ ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿಕೊಂಡ.

"ಒಳ್ಳೇದಾಯ್ತು ಬಿಡು," ಎಂದಳು ಅಕ್ಕ. "ನಿನ್ನ ಕಣ್ಣಿಗೇನಾಗಿದೆ? ಹದ್ದಿನ ಕಣ್ಣಂಗಿದೆ. ಕೂತ್ಕೋ."

ಅವನು ಕೂತ. ಅವಳು ತಟ್ಟೆಗೆ ಬಡಿಸಿದಳು, ಬಿಸಿ ಬಟ್ಟಲನ್ನು ಮೇಜಿನ ಅಂಚಿನಿಂದ ನಡುವಿಗೆ ಸರಿಸಿದಳು, ನೀರಿನ ಲೋಟವನ್ನು ಅವನ ಮೊಣಕೈಯಿಂದ ದೂರ ಇಟ್ಟಳು. ಎಂದಿನಂತೆ ಮೇಜಿನ ಮೇಲೆ ಇಡದೆ ತಟ್ಟೆಯನ್ನು ಅವನ ಎರಡೂ ಕೈಗೆ ಕೊಟ್ಟು, ಬೆರಳುಗಳು ಅಂಚನ್ನು ಗಟ್ಟಿಯಾಗಿ ಹಿಡಿಯುವವರೆಗೂ ತನ್ನ ಕೈ ಬಿಡದೆ ನಿಂತಳು.