ಬಾತ ಹಲ್ಲಿನ ಚಕ್ರ

“ಇದಕ್ಕೇನು ಹಲ್ಲುನೋವಾ, ಲಾಜರಸ್? ದವಡೆಯೆಲ್ಲ ಹಿಂಗೆ ಬಾತ್ಕೊಂಡಿದೆಯಲ್ಲ.”

ನಾವು ಎರೆದುಕೊಟ್ಟ ಹಲ್ಲಿನ ಚಕ್ರವನ್ನು ಕೆಜಾಯಾ ದೊಪ್ಪನೆ ನಮ್ಮ ಅಚ್ಚಿನ ಮರಳಿನ ಮೇಲೆ ಹಾಕಿದಳು. ನಮ್ಮ ಜನಕ್ಕೆ ಗುಲಾಮಗಿರಿಯಿಂದ ಬಿಡುಗಡೆ ಸಿಕ್ಕ ಮೇಲೆ ಹಳೇ ಧಣಿಯ ತೋಟದಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ ಯಂತ್ರ ನಡೆಸುತ್ತಿದ್ದವಳು ಅವಳೇ. ಜಿನ್ನಿನ ಚಕ್ರದ ಬಿರುಕು ಕಂಡು, ಅಂಥದೇ ಇನ್ನೊಂದನ್ನು ಎರಕ ಹೊಯ್ಯಿಸಲು ಸೆಲ್ಮಾ ಊರಿನ ನಮ್ಮ ಎರಕದ ಮನೆಗೆ ಬಂದಿದ್ದಳು. ಅಚ್ಚು ಹಾಕುವ ಲಾಜರಸ್ ಅವಳನ್ನು ಕಂಡ ದಿನವೇ ಮದುವೆಯಾಗ್ತೀಯಾ ಅಂತ ಕೇಳಿಬಿಟ್ಟಿದ್ದ. “ನಿನ್ನ ಚಕ್ರ ನನ್ನ ಜಿನ್ನಿಗೆ ಕೂರಲಿ, ಆಮೇಲೆ ಹೇಳ್ತೀನಿ” ಎಂದಿದ್ದಳು.

ಕೆಲಸವೇನೋ ಸುಲಭದ್ದೇ. ಹಳೇ ಚಕ್ರವನ್ನು ಒದ್ದೆ ಮರಳಿನಲ್ಲಿ ಒತ್ತಿ ತೆಗೆದರೆ ಅಚ್ಚು. ಆದರೆ ಅದರೊಳಗೆ ಹೊಯ್ದ ಕಬ್ಬಿಣ ಆರುತ್ತ ಕುಗ್ಗುತ್ತದೆ. ಅದಕ್ಕೇ ತೆಗೆಯುವ ಮುನ್ನ ಚಕ್ರವನ್ನು ಸುತ್ತಲೂ ಮೆಲ್ಲಗೆ ಬಡಿದು, ಮರಳಿನ ಗುಂಡಿಯನ್ನು ಕೂದಲೆಳೆಯಷ್ಟು ಅಗಲಿಸಬೇಕು. ಎಷ್ಟು ಎಂಬುದು ಕೈಗೇ ಗೊತ್ತು. ಲಾಜರಸ್‌ನ ಕೈಗೂ ಗೊತ್ತಿತ್ತು. ಆದರೆ ಮೊದಲ ಸಲ ಎದುರಿಗೆ ಕೆಜಾಯಾ ಜೋಳದ ರೊಟ್ಟಿ ತಿನ್ನುತ್ತ ನಿಂತಿದ್ದಳು. ಬಡಿದು ಮುಗಿದರೆ ಹೊರಟುಹೋಗುತ್ತಾಳೆಂದು ಇವನು ಬಡಿದ, ಬಡಿದ, ಹಾಡು ಕಟ್ಟಿಕೊಂಡು ಬಡಿದಿದ್ದ. ಗುಂಡಿ ಅಗಲವಾಗಿ ಚಕ್ರ ಬಾತದ್ದು ಹಾಗೆ.

“ನೀನು ಈ ಸಲವೂ ಎದುರಿಗಿದ್ರೆ ಅವನು ಗಾಡಿಚಕ್ರನೇ ಎರೀತಾನಮ್ಮ, ಹೊರಗೆ ನಿಂತ್ಕೋ” ಎಂದೆ. ಕುಲುಮೆ ಉರಿಸುವವನು ನಾನು, ಇವೆಲ್ಲ ನನ್ನ ಕಣ್ಣಿಗೇ ಬೀಳಬೇಕು.

ಹೊರಗೆ ನಿಂತಳು. ದಾರಿಯಲ್ಲಿ ಹೋಗುತ್ತಿದ್ದ ನದಿ ಹಡಗಿನ ಕೂಲಿಯೊಬ್ಬ ಏನೋ ಅಂದ, ನಕ್ಕಳು. ನಗು ಕೇಳಿದ್ದೇ ಲಾಜರಸ್ ಅರೆಬರೆ ಬಡಿದು, ಚಕ್ರ ಎತ್ತಿಟ್ಟು ಬಾಗಿಲಿಗೆ ಓಡಿದ.

ಎರಡು ದಿನಕ್ಕೆ ಆ ಎರಡನೇ ಚಕ್ರವೂ ವಾಪಸು ಬಂತು.

“ಇದು ಉಪವಾಸ ಬಿದ್ದಿದೆ. ಜಿನ್ನೊಳಗೆ ಗಡಗಡ ಅಂತ ಅಲ್ಲಾಡುತ್ತೆ. ಸುತ್ತಿಗೆ ಕೊಡು ಇಲ್ಲಿ.” ಕೆಜಾಯಾ ಕೈ ಚಾಚಿದಳು.

“ಅಲ್ವೇ, ಇದು ಹೆಂಗಸರ ಕೈಗೆ...”

“ಗಂಡಸರ ಕೈ ಎರಡು ಸಲ ನೋಡಿದ್ದಾಯ್ತಲ್ಲ. ಎಲ್ಲಿಗೆ ಸಾಕು ಅಂತ ಹೇಳೋದಷ್ಟೇ ನಿನ್ನ ಕೆಲಸ.”

ಅವಳು ಬಡಿಯತೊಡಗಿದಳು. ಅವನೋ ಅವಳ ಮುಖವನ್ನೇ ನೋಡುತ್ತ ನಿಂತ. ನಾನು ಕೆಮ್ಮಿದೆ.

“ಬಾಯಿ ಬಿಡ್ದೆ ನಿಂತ್ರೆ ಇದೂ ಬಾತ್ಕೊಳುತ್ತೆ. ನಂಗೇನು, ಮದುವೆ ಕಾಯುತ್ತೆ” ಎಂದಳು ಕೆಜಾಯಾ, ಬಡಿಯುತ್ತಲೇ.

“ನಂಗೆ ಕಾಯಲ್ಲ. ಸಾಕು, ಸಾಕು, ನಿಲ್ಸು” ಎಂದ ಲಾಜರಸ್.

ಆರಿದ ಚಕ್ರ ಹೊತ್ತು ಮೂವರೂ ತೋಟಕ್ಕೆ ಹೋದೆವು. ಜಿನ್ನಿಗೆ ಕೂರಿಸಿ, ಅದನ್ನು ತಿರುಗಿಸುವ ಹೇಸರಗತ್ತೆಯನ್ನು ಹೊಡೆದದ್ದೇ ಹಲ್ಲಿಗೆ ಹಲ್ಲು ಕಚ್ಚಿಕೊಂಡಿತು. ಅಲ್ಲಾಟವಿಲ್ಲ, ಗಡಗಡವಿಲ್ಲ. ಕೆಜಾಯಾ ಕಿವಿಗೊಟ್ಟು ಕೇಳಿದಳು.

“ಎಜ್ರಾ ಮಾಮ,” ಅವಳು ಕೇಳಿದ್ದು ನನ್ನನ್ನು, “ಪಾದ್ರಿಗಳು ಈ ಭಾನುವಾರ ಬಿಡುವಾಗಿದ್ದಾರಾ?”

“ಇಲ್ದಿದ್ರೆ ಬಿಡುವು ಮಾಡಿಸ್ತೀನಿ ಕಣಮ್ಮ.”

ಲಾಜರಸ್ ಹಿಂದೆ ಏನಿದೆಯೆಂದೂ ನೋಡದೆ ಕುಸಿದು ಕೂತ. ಬಿಡಿಸಿದ ಅರಳೆಯ ರಾಶಿ ಅವನನ್ನು ಕುತ್ತಿಗೆಯವರೆಗೆ ನುಂಗಿತು.